ಗೋಳದೊಳಗಿನ ಸೀಸದ ಹಾಳೆ

ಒಂದೂವರೆ ಕಿಲೋ ಬ್ರೆಡ್ಡಿಗೆ ಎಪ್ಪತ್ತೆಂಟು ಫೆನಿಗ್. ಬನ್ನಿಗೆ ಐದು. ಮೊಟ್ಟೆ ಒಂದಕ್ಕೆ ಮೂವತ್ತನಾಲ್ಕು. ಅರ್ಧ ಲೀಟರ್ ಬಿಯರಿಗೆ ಎಪ್ಪತ್ತೆರಡು. ಕಾಲು ಕಿಲೋ ಬೆಣ್ಣೆಗೆ ಎರಡು ಮಾರ್ಕ್ ನಲವತ್ತು. ನೂರಿಪ್ಪತ್ತೈದು ಗ್ರಾಂ ಕಾಫಿಪುಡಿಗೆ ಎಂಟು ಮಾರ್ಕ್ ಎಪ್ಪತ್ತೈದು. ಬಣ್ಣದ ಟೀವಿಗೆ ನಾಲ್ಕೂವರೆ ಸಾವಿರ.

"ಇನ್ನೇನಾದ್ರೂ ಬಿಟ್ಟುಹೋಗಿದ್ಯಾ?" ಎಂದು ಶ್ರೀಮತಿ ಲೀಬೆಟ್ರಾವ್ ಕನ್ನಡಕದ ಮೇಲಿಂದ ನೋಡಿದರು. ಮಾರ್ಬಿಟ್ಸ್ ಊರಿನ ಸಭೆಯಲ್ಲಿ ಸಂಸ್ಕೃತಿ ವಿಷಯ ನೋಡಿಕೊಳ್ಳುವವರು ಅವರು.

"ತಾಮ್ರದ ತಗಡು," ಎಂದ ಮಾಡಿಗೆ ತಗಡು ಹೊದಿಸುವ ಮೇಸ್ತ್ರಿ ಗೋಟ್‌ಹಾರ್ಡ್ ಝೈಡ್ಲರ್.

"ಅದಕ್ಕೆಷ್ಟು?"

"ಕಿಲೋಗೆ ಇಷ್ಟು ಅಂತ ಸರ್ಕಾರಿ ಪಟ್ಟೀಲಿದೆ. ತಗಡು ಎಲ್ಲಿ ಸಿಗತ್ತೆ ಅನ್ನೋದು ಪಟ್ಟೀಲಿಲ್ಲ."

ಮೇಜಿನ ಸುತ್ತ ಕೂತಿದ್ದ ನಾಲ್ಕು ಜನರಲ್ಲಿ ಒಬ್ಬರೂ ನಗಲಿಲ್ಲ. ಇಬ್ಬರು ಜಿಲ್ಲಾ ಕಚೇರಿಯಿಂದ ಬಂದವರು. ಅವರಲ್ಲೊಬ್ಬ ಏನೋ ಗೀಚಿಕೊಂಡ. ಆಡಬಾರದಿತ್ತು ಎಂದು ಝೈಡ್ಲರ್ ನಾಲಿಗೆ ಕಚ್ಚಿಕೊಂಡು ಚಾವಣಿಯ ಕಡೆ ನೋಡಿದ. ಅಲ್ಲಿ ಗಾರೆಯ ಕೂಸುಗಳು ಗಾರೆಯ ದ್ರಾಕ್ಷಿ ತಿನ್ನುತ್ತ ಇನ್ನೂರ ಐವತ್ತು ವರ್ಷದಿಂದ ನಗುತ್ತಿದ್ದವು. ಅವುಗಳನ್ನು ಕರೆಸಿ ವಿಚಾರಿಸುವವರು ಯಾರೂ ಇರಲಿಲ್ಲ.

೧೯೮೪ರ ಆಗಸ್ಟ್ ಅದು, ತಗಡಿನಿಂದ ಅಂಗಡಿಯವರೆಗೆ ಎಲ್ಲ ಸರ್ಕಾರದ ಕೈಯಲ್ಲಿದ್ದ ಕಾಲ. ಮಾರ್ಬಿಟ್ಸ್ ಪುರಭವನದ ಗೋಪುರಕ್ಕೆ ಮೂವತ್ತು ವರ್ಷದ ಮೇಲೆ ರಿಪೇರಿ ನಡೆದಿತ್ತು. ಗೋಪುರದ ತುದಿಯಲ್ಲಿ ಚಿನ್ನದ ಮುಲಾಮಿನ ತಾಮ್ರದ ಗೋಳ. ರಿಪೇರಿಗೆ ಹತ್ತಿದಾಗಲೆಲ್ಲ ಅದನ್ನು ಇಳಿಸಬೇಕು, ಒಳಗಿನ ಕೊಳವೆಯಲ್ಲಿ ಹಿಂದಿನವರು ಇಟ್ಟ ಕಾಗದ ಓದಬೇಕು, ಇಂದಿನ ಬೆಲೆಪಟ್ಟಿ, ಪತ್ರಿಕೆ, ನಾಣ್ಯ ಸೇರಿಸಿ ಬೆಸುಗೆ ಹಾಕಿ ಮತ್ತೆ ಏರಿಸಬೇಕು. ಸರ್ಕಾರ ಎಷ್ಟು ಬದಲಾದರೂ ಈ ಪದ್ಧತಿಯನ್ನು ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಗೋಳ ಗುರುವಾರ ಇಳೀಬೇಕು. ಇಡಿಯಾಗಿ ಇಳೀಬೇಕು," ಎಂದರು ಲೀಬೆಟ್ರಾವ್. "ತೆರೆಯೋದು ಇಲ್ಲೇ, ಬಾಗಿಲು ಹಾಕ್ಕೊಂಡು. ಓದಬೇಕಾದವರು ಮೊದಲು ಓದ್ತಾರೆ. ಆಮೇಲೆ ಊರಿಗೆ ಹೇಳೋಣ. ಅರ್ಥ ಆಯ್ತಲ್ಲ, ಝೈಡ್ಲರ್ ಮೇಸ್ತ್ರಿ?"

"ಆಯ್ತು."

"ಮತ್ತೆ, ನಿಮ್ಮ ಕಾರ್ಖಾನೆ ಪರವಾನಗಿ. ಈ ಶರತ್ಕಾಲಕ್ಕೆ ಮುಗಿಯತ್ತೆ, ಅಲ್ವಾ?"

ಅದು ಪ್ರಶ್ನೆಯೋ ಬೆದರಿಕೆಯೋ ಬರೀ ನೆನಪಿಸಿದ್ದೋ, ಮೆಟ್ಟಿಲಿಳಿದು ಹೆಬ್ಬಾಗಿಲಿಗೆ ಬಂದರೂ ಝೈಡ್ಲರನಿಗೆ ತೀರ್ಮಾನವಾಗಲಿಲ್ಲ. ಬಾಗಿಲಿನ ಎರಡು ಪಕ್ಕ ಇಬ್ಬರು ಕಲ್ಲಿನ ದೈತ್ಯರು ಬಾಲ್ಕನಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು. ಮುಖದಲ್ಲಿ ಪ್ರಾಣ ಹೋಗುವಷ್ಟು ಕಷ್ಟ. ನಿಜ ನೋಡಿದರೆ ಅವರು ಹೊತ್ತಿದ್ದು ಏನೂ ಇಲ್ಲ. ಬಾಲ್ಕನಿ ಗೋಡೆಯೊಳಗಿನ ತೊಲೆಗಳ ಮೇಲೆ ನಿಂತಿದೆ. ಊರು ಸುಟ್ಟುಹೋದ ಮೇಲೆ ೧೭೨೦ರ ಸುಮಾರಿಗೆ ಬರೋಕ್ ಶೈಲಿಯಲ್ಲಿ ಕಟ್ಟಿದ ಕಟ್ಟಡವಿದು. ಒಳಗಿನ ಅಮೃತಶಿಲೆಯ ಕಂಬಗಳು ಮುಟ್ಟಿದರೆ ತಣ್ಣಗಿರುವುದಿಲ್ಲ, ಏಕೆಂದರೆ ಅವು ಬಣ್ಣ ಬಳಿದ ಗಾರೆ. ಕಲ್ಲಿನದೆಂದು ಕಾಣುವ ಗೋಪುರವೂ ಪೂರಾ ಮರ. ನೀರು ಹೊತ್ತವಳ ತಲೆಯ ಮೇಲಿನ ಕೊಡದ ಹಾಗೆ ಅದು ಮಾಡಿನ ಮೇಲೆ ಕೂತಿದೆ. ಎಂಟು ಓಕ್ ಕಂಬ, ಅದರ ಮೇಲೆ ಈರುಳ್ಳಿಯಂಥ ಗುಮ್ಮಟ, ಮೇಲೆ ತಾಮ್ರದ ಹೊದಿಕೆ. ಹೊರಗಿನದನ್ನು ನಂಬಬಾರದು ಎಂದು ಝೈಡ್ಲರನ ಮನೆತನ ನಾಲ್ಕು ತಲೆಮಾರಿನಿಂದ ಆ ಮಾಡಿನ ಮೇಲೇ ಕಲಿತಿತ್ತು.

ಅವನ ಚಿಂತೆ ಕೊಳವೆಯದಲ್ಲ. ಮುತ್ತಜ್ಜನ ಕಾಲದಿಂದ ಝೈಡ್ಲರ್ ಮನೆಯವರು ಕೊಳವೆಯ ಹೊರಗೆ, ಗೋಳದ ಒಳಗೋಡೆಗೆ ಒತ್ತಿ, ತಮ್ಮದೇ ಒಂದು ಕಾಗದ ಇಡುತ್ತಿದ್ದರು. ಸೀಸದ ಹಾಳೆಯಲ್ಲಿ ಸುತ್ತಿದ ಕಾಗದ. ಅದು ಮುಂದಿನ ಝೈಡ್ಲರನಿಗೆ. ೧೯೫೪ರಲ್ಲಿ ಇಟ್ಟವನು ಅಪ್ಪ ಬ್ರೂನೋ. ಸಾಯುವ ಮುಂಚೆ ಒಂದೇ ಮಾತು ಹೇಳಿದ್ದ: "ಗೋಳ ಇಳಿಸೋ ದಿನ ಮೊದಲು ಕೈ ಹಾಕೋನು ನೀನೇ ಆಗಿರ್ಬೇಕು."

ಆ ಕಾಗದ ಇಡುವ ಹಿಂದಿನ ವರ್ಷದ ಜೂನ್‌ನಲ್ಲಿ ಬ್ರೂನೋ ಕೆಲಸಗಾರರ ದಂಗೆಯ ದಿನ ಮಾರುಕಟ್ಟೆ ಚೌಕದಲ್ಲಿ ನಿಂತು ಸರ್ಕಾರದ ವಿರುದ್ಧ ಕೂಗಾಡಿ ಹನ್ನೊಂದು ದಿನ ಜೈಲಿನಲ್ಲಿದ್ದು ಬಂದಿದ್ದ. ಅಂಥವನು ಕಾಗದದಲ್ಲಿ ಏನು ಬರೆದಿರಬಹುದು? ಝೈಡ್ಲರ್ ಊಹಿಸಿದ, ಊಹಿಸಿದಷ್ಟೂ ಬೆವರಿದ. ಅದು ಆ ಮೇಜಿನ ಮೇಲೆ ಬಿಚ್ಚಿಕೊಂಡರೆ ಪರವಾನಗಿ ಹೋಯಿತು. 'ಝೈಡ್ಲರ್ ಮತ್ತು ಮಗ' ಎಂಬ ಬೋರ್ಡು, ಐದು ಜನರ ಕೆಲಸ, ಅಜ್ಜನ ಕಾಲದ ತಗಡು ಮಡಿಚುವ ಯಂತ್ರ, ಎಲ್ಲ ಸರ್ಕಾರಿ ಕಟ್ಟಡ ಸಂಘದ ಪಾಲು.

ಗುರುವಾರ ಬೆಳಿಗ್ಗೆ ಜಿಲ್ಲೆಯವನೊಬ್ಬ ಜೊತೆಗೇ ಹತ್ತಿ ಬಂದ. ಗೋಪುರದ ಜಗಲಿಯವರೆಗೆ ಬಂದು, ಅಲ್ಲಿಂದ ಮೇಲೆ ನೆಟ್ಟಗೆ ನಿಂತ ಏಣಿ ನೋಡಿ, ಸೌತೆಕಾಯಿ ಬಣ್ಣಕ್ಕೆ ತಿರುಗಿದ.

"ನೀವು ಹೋಗಿ. ನಾನು ಇಲ್ಲಿಂದಲೇ ಗಮನಿಸ್ತೀನಿ," ಎಂದ.

"ಕೈ ಬಿಗಿಯಾಗಿ ಹಿಡ್ಕೊಂಡು ಗಮನಿಸಿ," ಎಂದ ಫಾಲ್ಕ್.

ಫಾಲ್ಕ್ ಎಂಟು ತಿಂಗಳ ಹಿಂದೆ ಲೈಪ್‌ಜಿಗ್‌ನಿಂದ ಬಂದು ಸೇರಿದ ಕೆಲಸಗಾರ. ಮೂವತ್ತರ ಹತ್ತಿರದವನು, ಕೈ ಬಹಳ ಚೊಕ್ಕ. ದೊಡ್ಡ ಊರು ಬಿಟ್ಟು ಇಲ್ಲಿಗೇಕೆ ಬಂದ ಎಂದರೆ ಸರಿಯಾದ ಉತ್ತರವಿಲ್ಲ. ದಿನಾ ಸಂಜೆ ಕೈ ತೊಳೆದ ಮೇಲೆ ನೀಲಿ ರಟ್ಟಿನ ಸಣ್ಣ ಪುಸ್ತಕ ತೆಗೆದು ಏನೋ ಬರೆಯುತ್ತಾನೆ. ಯಾರಾದರೂ ಹತ್ತಿರ ಬಂದರೆ ಮುಚ್ಚುತ್ತಾನೆ. ಸರ್ಕಾರಕ್ಕೆ ಸುದ್ದಿ ಮುಟ್ಟಿಸುವವನೆಂದು ಶಂಕಿಸಲು ಇಷ್ಟು ಸಾಕಿತ್ತು ಝೈಡ್ಲರನಿಗೆ. ಅವನೆದುರು ರೇಡಿಯೋದ ಸುದ್ದಿ ಕೂಡ ಮಾತಾಡುತ್ತಿರಲಿಲ್ಲ.

ಮೇಲೆ, ಗಾಳಿಯ ದಿಕ್ಕು ತೋರುವ ತಗಡಿನ ಕೋಳಿಯನ್ನು ಬಿಚ್ಚಿ ಕೆಳಗಿಟ್ಟ ಮೇಲೆ, ಗೋಳದ ನಡುವಿನ ಸರಳಿನ ಸುತ್ತ ಕೈ ತೂರುವಷ್ಟು ಕಂಡಿ ಬಿತ್ತು.

"ಗ್ರೀಸ್ ಡಬ್ಬಿ ತಗೊಂಬಾ."

"ಇಲ್ಲೇ ಇದೆಯಲ್ಲ, ಮೇಸ್ತ್ರಿ."

"ಅದಲ್ಲ. ಕೆಳಗಿನ ಕಪ್ಪು ಡಬ್ಬಿ."

ಫಾಲ್ಕ್ ಅವನ ಮುಖ ನೋಡಿದ, ಗ್ರೀಸ್ ಡಬ್ಬಿ ನೋಡಿದ, ಆಮೇಲೆ ಇಳಿದ. ಝೈಡ್ಲರ್ ತೋಳು ತೂರಿಸಿ ತಡಕಿದ. ಸೀಸ ಸಿಕ್ಕಿತು. ಅಂಗೈಯಷ್ಟಗಲ, ಮೂವತ್ತು ವರ್ಷದ ಕಲ್ಲಿದ್ದಲ ಮಸಿ ಮೆತ್ತಿಕೊಂಡ ಪೊಟ್ಟಣ. ಊಟದ ಡಬ್ಬಿಯ ಮುಚ್ಚಳ ತೆಗೆದು ಬ್ರೆಡ್ಡಿನ ಕೆಳಗೆ ತುರುಕುವ ಹೊತ್ತಿಗೆ ಏಣಿಯ ಮೇಲೆ ಫಾಲ್ಕ್‌ನ ಟೋಪಿ ಕಾಣಿಸಿತು.

"ಇಷ್ಟು ಬೇಗ ಹಸಿವಾ, ಮೇಸ್ತ್ರಿ?"

"ವಯಸ್ಸಾಯ್ತಲ್ಲ. ಹೊತ್ತಿಗೆ ಮುಂಚೆ ಹಸಿವಾಗತ್ತೆ."

"ತೋಳೆಲ್ಲ ಮಸಿ. ಕೈ ತೊಳ್ಕೊಂಡು ತಿನ್ನಿ," ಎಂದ ಫಾಲ್ಕ್, ಕಪ್ಪು ಡಬ್ಬಿ ಕೆಳಗಿಡುತ್ತ.

ಸಂಜೆ ಆರಕ್ಕೆ ಮನೆಯಲ್ಲಿ ಹೆಂಡತಿ ಇಲ್ಸೆ ರೇಡಿಯೋ ದೊಡ್ಡದಾಗಿ ಹಾಕಿ ಕಿಟಕಿ ಮುಚ್ಚಿದಳು. ಪೊಟ್ಟಣ ಅಡುಗೆಮನೆ ಮೇಜಿನ ಮೇಲೆ ಈರುಳ್ಳಿ ಸಿಪ್ಪೆಯ ಪಕ್ಕದಲ್ಲಿತ್ತು.

"ಬಿಚ್ಚು ಮತ್ತೆ. ಅದನ್ನೇನು ಪೂಜೆ ಮಾಡ್ತೀಯಾ?"

"ಬಿಚ್ಚಿ ಓದಿದ್ರೆ ಗೊತ್ತಾಗತ್ತೆ."

"ಗೊತ್ತಾಗಲಿ ಅಂತಾನೇ ಅಲ್ವಾ ಬರೆದಿರೋದು?"

"ನಾಳೆ ಕರೆಸಿ ಕೇಳ್ತಾರೆ ಇಲ್ಸೆ. ಅದರಲ್ಲಿ ಏನಿತ್ತು ಅಂತ ಕೇಳಿದ್ರೆ, ಗೊತ್ತಿಲ್ಲ ಅಂತ ಹೇಳ್ಬೇಕು. ಗೊತ್ತಿದ್ದು ಗೊತ್ತಿಲ್ಲ ಅಂದ್ರೆ..."

ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ಗೋಟ್‌ಹಾರ್ಡ್ ಸುಳ್ಳು ಹೇಳಿದರೆ ಅವನ ಕಿವಿ ಎರಡೂ ಬೀಟ್‌ರೂಟ್ ಆಗುವುದು ಮಾರ್ಬಿಟ್ಸ್‌ನಲ್ಲಿ ಶಾಲೆಯ ದಿನದಿಂದ ಎಲ್ಲರಿಗೂ ಗೊತ್ತು. ಮದುವೆಯ ದಿನ ಅತ್ತೆ ಮಾಡಿದ ಕೇಕ್ ಚೆನ್ನಾಗಿದೆ ಎಂದು ಹೇಳಿ ಸಿಕ್ಕಿಬಿದ್ದಿದ್ದ.

"ಅಪ್ಪ ನಿನಗೆ ಬರೆದಿದ್ದು ಕಣೋ," ಎಂದಳು ಇಲ್ಸೆ. ದನಿ ಈಗ ತಗ್ಗಿತ್ತು.

"ಅಪ್ಪ ಬರೀತಾನೆ. ಅನುಭವಿಸೋನು ನಾನು."

ಅವನು ಸೀಸ ಬಿಡಿಸಿ, ನಾಲ್ಕು ಮಡಿಕೆಯ ಕಾಗದವನ್ನು ಬಿಚ್ಚದೆ, ಮುಖ ಆ ಕಡೆ ತಿರುಗಿಸಿಕೊಂಡೇ ಒಲೆಗೆ ಹಾಕಿದ. ಒಂದು ಮೊಟ್ಟೆ ಬೇಯುವಷ್ಟು ಹೊತ್ತೂ ಬೇಕಾಗಲಿಲ್ಲ. ಸೀಸವನ್ನು ಮಾತ್ರ ಎಸೆಯಲಿಲ್ಲ. ಕಾರ್ಖಾನೆಯ ಚೂರುಗಳ ಪೆಟ್ಟಿಗೆಗೆ ಹಾಕಿದ. ಆ ವರ್ಷ ಸೀಸವನ್ನು ಎಸೆಯುವಷ್ಟು ಶ್ರೀಮಂತರು ಯಾರೂ ಇರಲಿಲ್ಲ.

ಮರುದಿನ ಯಾರೂ ಕರೆಸಲಿಲ್ಲ. ಅದರ ಮರುದಿನವೂ ಇಲ್ಲ. ಕರೆಸಿದ್ದರೇ ಒಳ್ಳೆಯದಿತ್ತು ಎನ್ನಿಸತೊಡಗಿತು. ಕೊಳವೆಯಲ್ಲಿ ಹಳೇ ನೋಟು, ಬೆಲೆಪಟ್ಟಿ, ಒಬ್ಬ ಪಾದ್ರಿಯ ಉದ್ದ ಪದ್ಯ ಸಿಕ್ಕವೆಂದು ಪತ್ರಿಕೆಯಲ್ಲಿ ಬಂತು. ಅಕ್ಟೋಬರ್ ಏಳರ ರಾಷ್ಟ್ರೀಯ ದಿನಕ್ಕೆ ಹೊಸ ಮುಲಾಮಿನ ಗೋಳ ಏರುವುದೆಂದೂ, ಗೋಪುರದ ಜಗಲಿಯಲ್ಲಿ ನಿಂತು ಎಂಟು ಜನ ಹಳೇ ಕಾಲದವರ ಹಾಗೆ ಕಹಳೆ ಊದುವರೆಂದೂ ಬರೆದಿದ್ದರು.

ಎರಡನೇ ವಾರ ಫಾಲ್ಕ್ ಕಾರ್ಖಾನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಆ ಸೀಸ.

"ಮೇಸ್ತ್ರಿ, ಚಿಮಣಿ ಸಂದಿಗೆ ತೇಪೆ ಕತ್ತರಿಸೋಣ ಅಂತ ಇದನ್ನ ತಗೊಂಡೆ. ಒಳಗಡೆ ಏನೋ ಗೀರಿದೆ."

ಝೈಡ್ಲರ್ ಸುತ್ತಿಗೆ ಕೆಳಗಿಟ್ಟ. ಇಷ್ಟು ಚೂರುಗಳ ನಡುವೆ ಇವನ ಕೈಗೆ ಇದೇ ಏಕೆ ಸಿಗಬೇಕು? ಹುಡುಕಿದನೇ? ಹುಡುಕಲು ಯಾರಾದರೂ ಹೇಳಿದರೇ?

"ಹಳೇ ಸೀಸ. ಯಾರೋ ಲೆಕ್ಕ ಬರೆದಿರ್ತಾರೆ."

"ಲೆಕ್ಕ ಅಲ್ಲ. ಓದ್ಲಾ?"

"ಬೇಡ," ಎಂದ ಝೈಡ್ಲರ್. ಆದರೆ ಫಾಲ್ಕ್ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗಿತ್ತು. ಮೊಳೆಯಿಂದ ಗೀರಿದ ಅಕ್ಷರ. ಅಪ್ಪನ ಅಕ್ಷರ. ಕಾಗದ ಕೊಳೆಯಬಹುದು, ಸೀಸ ಕೊಳೆಯುವುದಿಲ್ಲ ಎಂದು ಗೊತ್ತಿದ್ದ ಮನುಷ್ಯ ಮುಖ್ಯವಾದದ್ದನ್ನು ಎರಡು ಕಡೆ ಬರೆದಿದ್ದ.

"'ಪಶ್ಚಿಮದ ಎರಡನೇ ಕಂಬ. ಬುಡ ಕೊಳೆತಿದೆ. ಬದಲಾಯಿಸಲು ಬಿಡಲಿಲ್ಲ, ತಗಡು ಹೊದಿಸಿ ಎಂದರು. ಬೆಣೆ ಹಾಕಿದ್ದೇನೆ. ಬೆಣೆ ತೆಗೆಯುವ ಕ್ರಮ ಕಾಗದದಲ್ಲಿದೆ,'" ಎಂದು ಫಾಲ್ಕ್ ನಿಧಾನವಾಗಿ ಓದಿದ. ಆಮೇಲೆ ತಲೆ ಎತ್ತಿ ಕೇಳಿದ: "ಕಾಗದ ಎಲ್ಲಿ?"

ಝೈಡ್ಲರ್ ಬೆಂಚಿನ ಮೇಲೆ ಕೂತ. ರಾಜಕೀಯವಿಲ್ಲ, ಬೈಗುಳವಿಲ್ಲ. ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಬರೆದ ಚೀಟಿ. ಎಂಟು ಕಹಳೆಯವರು ನಿಲ್ಲಬೇಕಾದ ಜಾಗ ಸರಿಯಾಗಿ ಆ ಕಂಬದ ಮೇಲೆ.

"ಕಾಗದ ಇಲ್ಲ," ಎಂದ.

ಫಾಲ್ಕ್ ಅವನ ಕಿವಿ ನೋಡಿದ. ಕೆಂಪಾಗಿರಲಿಲ್ಲ. ಹಾಗಾಗಿ ಮತ್ತೇನೂ ಕೇಳಲಿಲ್ಲ.

ಆ ದಿನವಿಡೀ ಝೈಡ್ಲರ್ ಲೆಕ್ಕ ಹಾಕಿದ. ಸುಮ್ಮನಿದ್ದರೆ ಗೋಪುರ ಇನ್ನೂ ಮೂವತ್ತು ವರ್ಷ ನಿಲ್ಲಬಹುದು, ಇಲ್ಲವೇ ಏಳನೇ ತಾರೀಖು ಮೊದಲ ಕಹಳೆಗೇ ಕೂರಬಹುದು. ಹೇಳಿದರೆ, ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಗೋಳದೊಳಗೆ ಕೈ ಹಾಕಿದ್ದು ಹೊರಬೀಳುತ್ತದೆ, ಪರವಾನಗಿ ಹೋಗುತ್ತದೆ. ಸೀಸ ಫಾಲ್ಕ್‌ನ ಕೈಗೆ ಸಿಕ್ಕಿದ್ದೇ ತನ್ನ ಬಾಯಿ ಬಿಡಿಸಲು ಹೂಡಿದ ಉಪಾಯವಿರಬಹುದು ಎಂದೂ ಅನ್ನಿಸಿತು. ಆದರೆ ಕೊಳೆತ ಕಂಬ ಯಾರ ಉಪಾಯವೂ ಅಲ್ಲ. ಮರುದಿನ ಬೆಳಿಗ್ಗೆ ತೊಳೆದ ಅಂಗಿ ಹಾಕಿಕೊಂಡು ಪುರಭವನದ ಮೆಟ್ಟಿಲು ಹತ್ತಿದ.

ಲೀಬೆಟ್ರಾವ್ ಒಬ್ಬರೇ ಇದ್ದರು.

"ಪಶ್ಚಿಮದ ಕಡೆ ಒಂದು ಕಂಬ ಹೋಗಿದೆ. ತಗಡು ಬಿಚ್ಚಿ ನೋಡ್ಬೇಕು. ಕಹಳೆಯವರನ್ನ ಮೇಲೆ ನಿಲ್ಲಿಸೋದು ಬೇಡ."

"ತಗಡಿನ ಒಳಗಿರೋ ಕಂಬ ನಿಮಗೆ ಹೇಗೆ ಕಾಣ್ತು?"

"ಸುತ್ತಿಗೇಲಿ ಬಡಿದು ನೋಡ್ದೆ. ಸದ್ದು ಟೊಳ್ಳು."

ಕಿವಿ ಎರಡೂ ಕಾದ ಕಬ್ಬಿಣವಾದವು. ಲೀಬೆಟ್ರಾವ್ ಮೊದಲು ಎಡಕಿವಿ ನೋಡಿದರು, ಆಮೇಲೆ ಬಲಕಿವಿ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಗೋಳದ ಒಳಗಡೆ ಪೂರ್ತಿ ಮಸಿ, ಮೇಸ್ತ್ರಿ. ಒಂದು ಕಡೆ ಮಾತ್ರ ಅಂಗೈಯಷ್ಟು ಜಾಗ ಚೊಕ್ಕವಾಗಿದೆ. ಜಿಲ್ಲೆಯವರ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು."

ಝೈಡ್ಲರ್ ಮತ್ತೆ ಚಾವಣಿಯ ಕಡೆ ನೋಡಿದ.

"ಅಲ್ಲಿದ್ದ ಕಾಗದದಲ್ಲಿ ಹೆಸರುಗಳಿದ್ವಾ? ಐವತ್ನಾಲ್ಕರಲ್ಲಿ ಯಾರು ತಗಡು ಹೊದಿಸಿ ಅಂದ್ರು, ಯಾರು ಸಹಿ ಹಾಕಿದ್ರು, ಆ ಥರ?"

"ನಾನು ಓದಲಿಲ್ಲ."

"ಓದಲಿಲ್ಲ?"

"ಓದದೇ ಸುಟ್ಟೆ."

ಅವರು ಮತ್ತೆ ಕಿವಿ ನೋಡಿದರು. ಬಣ್ಣ ಇಳಿಯುತ್ತಿತ್ತು. ಲೀಬೆಟ್ರಾವ್ ಉಸಿರು ಬಿಟ್ಟರು. ಅದು ಸಮಾಧಾನದ ಉಸಿರೋ, ಕೈಗೆ ಬಂದದ್ದು ತಪ್ಪಿಹೋದವರ ಉಸಿರೋ, ಝೈಡ್ಲರ್ ಎಷ್ಟು ದಿನ ಯೋಚಿಸಿದರೂ ತಿಳಿಯಲಿಲ್ಲ. ಆ ಹೆಸರು ಅವರ ಕಡೆಯವರದಾಗಿರಬಹುದು, ಆಗದವರದೂ ಆಗಿರಬಹುದು. ಒಂದು ಮಾತ್ರ ಅವನಿಗೆ ಆಗಲೇ ಹೊಳೆಯಿತು: ಆ ಕಾಗದ ತನ್ನ ಜೇಬಿನಲ್ಲಿದ್ದಿದ್ದರೆ ಈ ಕೋಣೆಯಲ್ಲಿ ಹೆದರಬೇಕಾದವರು ಬೇರೆಯವರಿರುತ್ತಿದ್ದರು.

"ಸುತ್ತಿಗೇಲಿ ಬಡಿದು ಗೊತ್ತಾಯ್ತು ಅಂತ ಬರ್ಕೊಳ್ತೀನಿ," ಎಂದರು ಲೀಬೆಟ್ರಾವ್. "ಕಹಳೆಯವರು ಕೆಳಗಿನ ಬಾಲ್ಕನೀಲಿ ಊದ್ಲಿ. ಯಾರಾದ್ರೂ ಕೇಳಿದ್ರೆ ಮೇಲೆ ಗಾಳಿ ಜಾಸ್ತಿ ಅನ್ನಿ. ಬೇಡ, ಬೇಡ, ನೀವು ಏನೂ ಅನ್ನಬೇಡಿ. ನಾನೇ ಹೇಳ್ತೀನಿ."

ತಗಡು ಬಿಚ್ಚಿದಾಗ ಬ್ರೂನೋನ ಕೆಲಸ ಕಾಣಿಸಿತು. ಕಂಬದ ಬುಡ ಮೊಣಕೈ ಉದ್ದಕ್ಕೆ ಹಳೇ ಕೇಕಿನ ಹಾಗೆ ಪುಡಿಯಾಗಿತ್ತು. ಅದರ ಸುತ್ತ ಕೈಯಲ್ಲೇ ಬಡಿದು ಮಾಡಿದ ಎರಡು ಕಬ್ಬಿಣದ ಪಟ್ಟಿ, ಅವುಗಳ ನಡುವೆ ಐದು ಓಕ್ ಬೆಣೆ, ಒಂದೊಂದೂ ಬೇರೆ ಬೇರೆ ಓರೆಯಲ್ಲಿ. ಒಂದನ್ನೊಂದು ತಡೆದು ಹಿಡಿದಿದ್ದವು. ಇಡೀ ಗೋಪುರದ ಆ ಮೂಲೆ ಮೂವತ್ತು ವರ್ಷ ಈ ಐದು ಮರದ ತುಂಡುಗಳ ಮೇಲೆ ನಿಂತಿತ್ತು. ಫಾಲ್ಕ್ ಟೋಪಿ ತೆಗೆದ.

"ನಿಮ್ಮಪ್ಪ ಒಬ್ಬರೇ ಮಾಡಿದ್ದಾ ಇದು?"

"ಒಬ್ಬನೇ ಇರ್ಬೇಕು. ಹೇಳೋರು ಯಾರು?"

ಪಕ್ಕದಲ್ಲಿ ಜಾಕಿ ಕೊಟ್ಟು ಆಸರೆಯ ಮರ ನಿಲ್ಲಿಸಿದರು. ಮೊದಲು ಯಾವ ಬೆಣೆ ಎಂದು ಎರಡು ದಿನ ವಾದ ನಡೆಯಿತು. ಝೈಡ್ಲರ್ ಮೇಲಿನದು ಎಂದ. ಫಾಲ್ಕ್ ತನ್ನ ನೀಲಿ ಪುಸ್ತಕದಲ್ಲಿ ಚಿತ್ರ ಬರೆದು ಎಡಗಡೆಯದು ಎಂದ.

"ಲೈಪ್‌ಜಿಗ್‌ನಲ್ಲಿ ಹಾಗಾ?" ಎಂದು ಝೈಡ್ಲರ್ ಚುಚ್ಚಿದ.

"ಲೈಪ್‌ಜಿಗ್‌ನಲ್ಲಿ ಕಾಗದ ಓದ್ತಾರೆ, ಮೇಸ್ತ್ರಿ."

ಮೇಸ್ತ್ರಿಯ ಮಾತೇ ನಡೆಯಿತು. ಮೇಲಿನ ಬೆಣೆ ಸಡಿಲಿಸಿದ ಕ್ಷಣ ಗೋಪುರ ನರಳಿತು. ಮುದುಕ ಕುರ್ಚಿಯಲ್ಲಿ ಕೂರುವಾಗಿನ ಸದ್ದು, ಆದರೆ ಎಂಟು ಕಂಬದಷ್ಟು ದೊಡ್ಡದು. ಎಲ್ಲೋ ಒಂದು ತಗಡು ಟಪ್ಪೆಂದು ಮಡಿಚಿಕೊಂಡಿತು. ಫಾಲ್ಕ್ ಓಡಲಿಲ್ಲ. ಎಡಗಡೆಯ ಬೆಣೆಗೆ ಹೆಗಲು ಕೊಟ್ಟು, ಹೆಬ್ಬಾಗಿಲ ದೈತ್ಯನ ಹಾಗೆ ಮುಖ ಕಿವುಚಿ ನಿಂತ. ವ್ಯತ್ಯಾಸವೆಂದರೆ ಇವನು ನಿಜವಾಗಿ ಹೊತ್ತಿದ್ದ. ಝೈಡ್ಲರ್ ಜಾಕಿ ತಿರುಗಿಸಿದ, ಅಂಗೈ ಸಿಪ್ಪೆ ಸುಲಿಯುವಷ್ಟು ತಿರುಗಿಸಿದ. ಸದ್ದು ನಿಂತಿತು. ಗೋಪುರ ಪಶ್ಚಿಮಕ್ಕೆ ಒಂದು ಬೆರಳು ವಾಲಿ ಅಲ್ಲೇ ಉಳಿಯಿತು.

ಇಬ್ಬರೂ ಧೂಳಿನಲ್ಲಿ ಕೂತು ಬಿಯರ್ ಬಾಟಲಿ ತೆಗೆದರು. ಫಾಲ್ಕ್ ಭುಜ ಉಜ್ಜಿಕೊಳ್ಳುತ್ತಿದ್ದ.

"ಆ ಪುಸ್ತಕದಲ್ಲಿ ದಿನಾ ಏನ್ ಬರೀತೀಯ?" ಎಂದು ಝೈಡ್ಲರ್ ಕೊನೆಗೂ ಕೇಳಿದ.

"ಎಂಟು ತಿಂಗಳಾದ್ಮೇಲೆ ಕೇಳ್ತಿದ್ದೀರಲ್ಲ." ಫಾಲ್ಕ್ ಪುಸ್ತಕವನ್ನು ಅವನ ತೊಡೆಯ ಮೇಲೆ ಎಸೆದ.

ತಗಡಿನ ಮಡಿಕೆಗಳು, ಮೂಲೆಗಳು, ಈರುಳ್ಳಿ ಗುಮ್ಮಟದ ಅಳತೆಗಳು. ಝೈಡ್ಲರನ ಕೈ ಸುತ್ತಿಗೆ ಹಿಡಿಯುವ ರೀತಿ ಕೂಡ ಚಿತ್ರವಾಗಿತ್ತು. ನಡುವೆ ಎಲ್ಲೋ ನಾಲ್ಕು ಹಾಳೆ ಹರಿದಿದ್ದವು, ಚೊಕ್ಕವಾಗಿ, ಅಳತೆಪಟ್ಟಿ ಇಟ್ಟು ಹರಿದ ಹಾಗೆ. ಝೈಡ್ಲರ್ ಅವುಗಳ ಬುಡವನ್ನು ಹೆಬ್ಬೆರಳಿನಿಂದ ಸವರಿದ. ಕೇಳಲಿಲ್ಲ. ಪುಸ್ತಕ ಮುಚ್ಚಿ ವಾಪಸು ಕೊಟ್ಟ. ಫಾಲ್ಕ್ ಅದನ್ನು ಜೇಬಿಗೆ ಹಾಕಿಕೊಂಡ.

ಅಕ್ಟೋಬರ್ ಏಳಕ್ಕೆ ಕಹಳೆಯವರು ಇಬ್ಬರು ದೈತ್ಯರ ನಡುವೆ ನಿಂತು ಊದಿದರು. ಅದಕ್ಕೆ ಮೂರು ದಿನ ಮುಂಚೆ ಗೋಳ ಏರಿತ್ತು. ಅದರೊಳಗಿಟ್ಟ ಬೆಲೆಪಟ್ಟಿಯಲ್ಲಿ ತಾಮ್ರದ ತಗಡು ಇರಲಿಲ್ಲ. ಕೊಳವೆಯ ಹೊರಗೆ ಝೈಡ್ಲರ್ ಹೊಸ ಸೀಸದ ಹಾಳೆಯೊಂದನ್ನು ಇಟ್ಟ. ಕಾಗದ ಇಡಲಿಲ್ಲ, ಹೇಳಬೇಕಾದದ್ದನ್ನೆಲ್ಲ ಸೀಸದ ಮೇಲೇ ಗೀರಿದ. ಅಪ್ಪನ ಹಾಳೆಯನ್ನು ಅದರ ಮೇಲೆ ಮಡಿಚಿ ಹೊದಿಸಿದ. ಈ ಬಾರಿ ಫಾಲ್ಕ್‌ನನ್ನು ಕೆಳಗೆ ಕಳಿಸಲಿಲ್ಲ.

ಆ ಕೆಲಸದಿಂದ ಊರಿಗೆ ದಕ್ಕಿದ್ದು ಒಂದು ಹೊಸ ಓಕ್ ಕಂಬ, ಬೀಳದ ಒಂದು ಗೋಪುರ. ಝೈಡ್ಲರನಿಗೆ ದಕ್ಕಿದ್ದು ಇನ್ನೆರಡು ವರ್ಷದ ಪರವಾನಗಿ. ಹೋದದ್ದು, ಅಪ್ಪ ಮಗನಿಗೆಂದು ಬರೆದು ಮೂವತ್ತು ವರ್ಷ ಆಕಾಶದಲ್ಲಿಟ್ಟಿದ್ದ ಕಾಗದ. ಅದರಲ್ಲಿ ಬೆಣೆಯ ಕ್ರಮ ಇತ್ತೆಂಬುದಷ್ಟೇ ಗೊತ್ತು. ಅದೇ ಹಾಳೆಯಲ್ಲಿ ಮಗನಿಗೆ ಬೇರೆ ಮಾತೇನಾದರೂ ಇತ್ತೋ ಏನೋ, ಅದು ಝೈಡ್ಲರನಿಗೆ ತಿಳಿಯಲೇ ಇಲ್ಲ.